ಎಚ್‌ಆರ್ ಸರ್ಟಿಫಿಕೇಶನ್ ಪರೀಕ್ಷೆಗೆ ದಾವಣಗೆರೆಯಲ್ಲೇ ಇದ್ದು ಓದೋದು ಹೇಗೆ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು. ಎಂಬಿಎ ಎಚ್‌ಆರ್ ಮುಗಿಸಿ ಮೂರು ವರ್ಷದಿಂದ ಇಲ್ಲೇ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಎಚ್‌ಆರ್ ಎಕ್ಸಿಕ್ಯೂಟಿವ್ ಆಗಿದ್ದೇನೆ. ಹಾಜರಿ, ಪಿಎಫ್, ಇಎಸ್‌ಐ, ಹೊಸಬರನ್ನು ಸೇರಿಸಿಕೊಳ್ಳೋದು, ಬಿಟ್ಟು ಹೋದವರ ಸೆಟಲ್‌ಮೆಂಟ್ ಎಲ್ಲ ನಾನೇ ನೋಡುತ್ತೇನೆ. ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಿದರೆ ಸರ್ಟಿಫಿಕೇಶನ್ ಇದೆಯಾ ಅಂತ ಕೇಳುತ್ತಾರೆ. ಪಿಎಚ್‌ಆರ್, ಪಿಎಚ್‌ಆರ್‌ಐ, ಎಸ್‌ಎಚ್‌ಆರ್‌ಎಂ-ಸಿಪಿ ಇದರಲ್ಲಿ ಯಾವುದು ಬರೆಯಲಿ? ಮಾಕ್ ಟೆಸ್ಟ್‌ನಲ್ಲಿ ಥಿಯರಿ ಸರಿ ಬರುತ್ತೆ, ಆದರೆ ಸಂದರ್ಭ ಕೊಟ್ಟು ಕೇಳುವ ಪ್ರಶ್ನೆಗಳು ಅರ್ಧಕ್ಕರ್ಧ ತಪ್ಪಾಗುತ್ತವೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಕೆಲಸ ಬಿಡದೆ ಓದಲು ಆಗುತ್ತಾ?

ಉತ್ತರ: ಆಗುತ್ತೆ. ಕೆಲಸ ಬಿಡಲೇಬೇಡಿ, ಯಾಕೆಂದರೆ ಈ ಪರೀಕ್ಷೆಗೆ ನಿಮ್ಮ ಹತ್ತಿರ ಇರುವ ಒಳ್ಳೆಯ ಪುಸ್ತಕ ನಿಮ್ಮ ಫ್ಯಾಕ್ಟರಿಯೇ. ಅದನ್ನು ಓದುವ ರೀತಿ ಸ್ವಲ್ಪ ಬದಲಾಗಬೇಕು ಅಷ್ಟೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಯಾವ ಪರೀಕ್ಷೆ ಅನ್ನೋದು ತೀರ್ಮಾನ ಆಗಲಿ, ಇಲ್ಲಿ ತಪ್ಪು ಮಾಡಿ ದುಡ್ಡು ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪಿಎಚ್‌ಆರ್ ಬೇಡ. ಅದು ಅಮೆರಿಕದ ಕಾನೂನಿನ ಮೇಲೆ ನಿಂತಿರುವ ಪರೀಕ್ಷೆ. ಅಲ್ಲಿ ವಾರಕ್ಕೆ 40 ಗಂಟೆ ದಾಟಿದರೆ ಓಟಿ, ಅದೂ ಒಂದೂವರೆ ಪಟ್ಟು. ನಿಮ್ಮ ಫ್ಯಾಕ್ಟರಿಯಲ್ಲಿ ವಾರಕ್ಕೆ 48 ಗಂಟೆ, ಅದರ ಮೇಲೆ ಎರಡು ಪಟ್ಟು. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಬಾಣಂತಿಗೆ ಸಿಗೋದು 12 ವಾರ ಸಂಬಳವಿಲ್ಲದ ರಜೆ, ಅದೂ 50 ಜನಕ್ಕಿಂತ ಕಡಿಮೆ ಇರುವ ಖಾಸಗಿ ಕಂಪನಿಗೆ ಅನ್ವಯಿಸಲ್ಲ. ನಮ್ಮಲ್ಲಿ ಮೊದಲ ಎರಡು ಹೆರಿಗೆಗೆ 26 ವಾರ, ಸಂಬಳ ಸಮೇತ. ದಿನವೆಲ್ಲ ಒಂದು ಲೆಕ್ಕದಲ್ಲಿ ಕೆಲಸ ಮಾಡಿ ರಾತ್ರಿ ಇನ್ನೊಂದು ಲೆಕ್ಕ ಬಾಯಿಪಾಠ ಮಾಡಿದರೆ ಎರಡೂ ಕಲಸಿ ಹೋಗುತ್ತವೆ. ಅಮೆರಿಕದ ಉದ್ಯೋಗಿಗಳನ್ನೇ ನೋಡಿಕೊಳ್ಳುವ ಕೆಲಸಕ್ಕೆ ಹೋಗುವವರಿಗೆ ಸರಿ, ನಿಮಗಲ್ಲ.

ಪಿಎಚ್‌ಆರ್‌ಐ ಕೂಡ ಪಿಎಚ್‌ಆರ್ ನಡೆಸುವ ಅಮೆರಿಕದ ಎಚ್‌ಆರ್‌ಸಿಐ ಸಂಸ್ಥೆಯದೇ. ಕೊನೆಯಲ್ಲಿರುವ 'ಐ' ಅಂದರೆ ಇಂಟರ್‌ನ್ಯಾಷನಲ್. ಯಾವ ದೇಶದ ಕಾನೂನಿಗೂ ಅದನ್ನು ಕಟ್ಟಿ ಹಾಕಿಲ್ಲ. ಅಂಕ 100ರಿಂದ 700ರ ಅಳತೆಯಲ್ಲಿ, 500 ಬಂದರೆ ಪಾಸ್. ಸ್ನಾತಕೋತ್ತರ ಪದವಿ ಇದ್ದವರಿಗೆ ಒಂದು ವರ್ಷದ ಅನುಭವ ಸಾಕು. ಆದರೆ ಆ ಅನುಭವ ಎಚ್‌ಆರ್‌ನದ್ದೇ ಆಗಿರಬೇಕು, ಬರೀ ಗುಮಾಸ್ತಿಕೆ ಆಗಬಾರದು. ಅರ್ಜಿಯಲ್ಲಿ "ಹಾಜರಿ ನೋಡಿಕೊಳ್ಳುತ್ತೇನೆ" ಅಂತಷ್ಟೇ ಬರೆದು ಬಿಡಬೇಡಿ. ಎಷ್ಟು ಜನರನ್ನು ಸೇರಿಸಿಕೊಂಡಿರಿ, ಯಾವ ದೂರು ಬಗೆಹರಿಸಿದಿರಿ, ಯಾವ ನಿಯಮ ಬರೆದಿರಿ ಅನ್ನೋದನ್ನೂ ಸೇರಿಸಿ.

ಎಸ್‌ಎಚ್‌ಆರ್‌ಎಂ-ಸಿಪಿ ನಡೆಸೋದು ಎಸ್‌ಎಚ್‌ಆರ್‌ಎಂ ಅನ್ನುವ ಅಮೆರಿಕದ ಇನ್ನೊಂದು ಎಚ್‌ಆರ್ ಸಂಸ್ಥೆ. ಅದಕ್ಕೆ ಡಿಗ್ರಿಯ ಕಟ್ಟುಪಾಡಿಲ್ಲ. 134 ಪ್ರಶ್ನೆ, 3 ಗಂಟೆ 40 ನಿಮಿಷ, ಎರಡು ಭಾಗ. ಅದರಲ್ಲಿ 24 ಪ್ರಶ್ನೆಗೆ ಅಂಕವೇ ಇಲ್ಲ, ಮುಂದಿನ ಪರೀಕ್ಷೆಗೆ ಪ್ರಯೋಗ ಮಾಡಲು ಇಟ್ಟಿರುತ್ತಾರೆ. ಯಾವುವು ಅಂತ ಗೊತ್ತಾಗಲ್ಲ, ಹುಡುಕಲೂ ಹೋಗಬೇಡಿ. 120ರಿಂದ 200ರ ಅಳತೆಯಲ್ಲಿ 200 ಬಂದರೆ ಪಾಸ್, ಇದನ್ನು ನೋಡಿ ನೂರಕ್ಕೆ ನೂರು ಬೇಕು ಅಂತ ಹೆದರುವವರಿದ್ದಾರೆ, ಹಾಗಲ್ಲ, ಪಾಸಾಗುವ ಗೆರೆಯನ್ನೇ 200 ಅಂತ ಕರೆದಿದ್ದಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ವರ್ಷಕ್ಕೆ ಎರಡು ಸಲ ಬರೆಯಬಹುದು: ಮೇ 1ರಿಂದ ಜುಲೈ 15, ಡಿಸೆಂಬರ್ 1ರಿಂದ ಫೆಬ್ರವರಿ 15.

ನನ್ನ ಓಟು ಎಸ್‌ಎಚ್‌ಆರ್‌ಎಂ-ಸಿಪಿಗೆ. ನಿಮಗೆ ಕಷ್ಟವಾಗುತ್ತಿರುವ ಸಂದರ್ಭದ ಪ್ರಶ್ನೆಗಳಿಗೆ ಅದರಲ್ಲಿ ದೊಡ್ಡ ಪಾಲಿದೆ, ಅದು ಗೊತ್ತಿದ್ದೂ ಹೇಳುತ್ತಿದ್ದೇನೆ. ಆ ಪ್ರಶ್ನೆಗಳಿಗೆ ತಯಾರಾದವರು ಸೀಟಿಗೆ ವಾಪಸ್ ಬಂದಾಗ ಕೆಲಸವನ್ನೇ ಬೇರೆ ಥರ ಮಾಡುತ್ತಾರೆ. ಆದರೂ ಶುಲ್ಕ ಕಟ್ಟುವ ಮುಂಚೆ ನಿಮಗೆ ಬೇಕಾದ ಕಂಪನಿಗಳ ಹತ್ತು ಜಾಹೀರಾತು ತೆಗೆದು ಯಾವ ಹೆಸರು ಜಾಸ್ತಿ ಇದೆ ನೋಡಿ. ಶುಲ್ಕ ಡಾಲರ್ ಲೆಕ್ಕ, ನಾನೂರು ಐನೂರು ಡಾಲರ್ ಆಸುಪಾಸು, ನಮ್ಮ ಊರಿನ ಸಂಬಳಕ್ಕೆ ಅದು ದೊಡ್ಡ ಮೊತ್ತವೇ. ಇಷ್ಟಕ್ಕೇ ಮುಗಿಯಲ್ಲ, ಮೂರು ವರ್ಷಕ್ಕೊಮ್ಮೆ 60 ಕ್ರೆಡಿಟ್ (ತರಬೇತಿ, ಕಲಿಕೆಯಿಂದ ಗಳಿಸುವ ಅಂಕ) ತೋರಿಸಿ ನವೀಕರಿಸಬೇಕು. ದಾವಣಗೆರೆ, ಹರಿಹರದ ಫ್ಯಾಕ್ಟರಿಗಳಲ್ಲೇ ಮುಂದುವರಿಯುವ ಮನಸ್ಸಿದ್ದರೆ ಈ ಖರ್ಚು ಬೇಕಾ ಅಂತ ಇನ್ನೊಮ್ಮೆ ಯೋಚಿಸಿ, ಇಲ್ಲಿ ಕೇಳೋದು ಕಾರ್ಮಿಕ ಕಾನೂನು. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ದಾರಿಯೇ ಬೇರೆ: ಯುಜಿಸಿ ನೆಟ್, ವಿಷಯ ಸಂಖ್ಯೆ 55, 150 ಪ್ರಶ್ನೆ, 300 ಅಂಕ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ. ನಾನೂ ಮೊದಲ ಸಲ ಫೇಲಾದವಳು. ಆಗ ಹದಿನಾಲ್ಕು ವರ್ಷ ಅನುಭವ ಇತ್ತು, ಥಿಯರಿ ಎಲ್ಲ ಬಾಯಲ್ಲಿತ್ತು, ಬೆಂಗಳೂರಿಗೆ ಹೋಗಿ ಧೈರ್ಯವಾಗಿಯೇ ಬರೆದಿದ್ದೆ. ಫಲಿತಾಂಶ ನೋಡಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ನೆನಪಿದ್ದ ಸಂದರ್ಭಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದಾಗ ಒಂದು ವಿಷಯ ಹೊಳೆಯಿತು. ಪ್ರತಿ ಸಲ ನಾನು ನಮ್ಮ ಫ್ಯಾಕ್ಟರಿಯಲ್ಲಿ ಏನು ಮಾಡುತ್ತಿದ್ದೆವೋ ಅದನ್ನೇ ಗುರುತು ಹಾಕಿದ್ದೆ. ತಡವಾಗಿ ಬಂದರೆ ಮೆಮೊ. ಎದುರು ಮಾತಾಡಿದರೆ ಶೋಕಾಸ್, ಅಂದರೆ ಕಾರಣ ಕೇಳುವ ನೋಟಿಸ್. ಸೂಪರ್‌ವೈಸರ್ ಬಂದು ಬೇಡ ಅಂದರೆ ಆ ಹೆಲ್ಪರ್ ನಾಳೆಯಿಂದ ಬೇರೆ ಲೈನ್‌ಗೆ. ಅಲ್ಲಿ ನಾವು ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನೇ ಪರೀಕ್ಷೆ ಕೇಳುತ್ತಿತ್ತು.

ಒಂದು ಸಂದರ್ಭ ನಾನೇ ಕಟ್ಟಿ ತೋರಿಸುತ್ತೇನೆ.

ಐದು ವರ್ಷದಿಂದ ಕೆಲಸದಲ್ಲಿರುವ ಒಬ್ಬ ಟೈಲರ್, ಜಗಳೂರು ಕಡೆಯ ಹಳ್ಳಿಯಿಂದ ಬರುವ ಹೆಣ್ಣುಮಗಳು. ಇಷ್ಟು ವರ್ಷ ಒಂದು ದೂರೂ ಇಲ್ಲ. ಕಳೆದ ಮೂರು ವಾರದಲ್ಲಿ ಆರು ಸಲ ಅರ್ಧ ಗಂಟೆ ತಡ. ಅವಳು ಕೂರುವ ಮಷಿನ್ ಖಾಲಿ ಇದ್ದರೆ ಮುಂದಿನವರಿಗೆ ಪೀಸ್ ಬರಲ್ಲ, ಲೈನ್ ಟಾರ್ಗೆಟ್ ಬೀಳುತ್ತೆ. ಸೂಪರ್‌ವೈಸರ್ ನಿಮ್ಮ ಟೇಬಲ್ ಮುಂದೆ ನಿಂತು, ಇವತ್ತೇ ಸಸ್ಪೆಂಡ್ ಮಾಡಿ, ಇಲ್ಲಾಂದ್ರೆ ಉಳಿದವರೂ ಇದನ್ನೇ ಕಲಿಯುತ್ತಾರೆ ಅನ್ನುತ್ತಾರೆ. ನೀವು ಮೊದಲು ಏನು ಮಾಡುತ್ತೀರಿ?

(ಅ) ನಿಯಮದ ಪ್ರಕಾರ ಶೋಕಾಸ್ ನೋಟಿಸ್ ಕೊಡುತ್ತೀರಿ.
(ಆ) ಸೂಪರ್‌ವೈಸರ್ ಜೊತೆ ಹಾಜರಿ ದಾಖಲೆ ನೋಡಿ, ಆಮೇಲೆ ಅವಳನ್ನು ಪ್ರತ್ಯೇಕವಾಗಿ ಕರೆದು ಕಾರಣ ಕೇಳುತ್ತೀರಿ.
(ಇ) ಅರ್ಧ ಗಂಟೆ ತಡವಾಗಿ ಶುರುವಾಗುವ ಶಿಫ್ಟ್‌ಗೆ ಹಾಕುತ್ತೀರಿ.
(ಈ) ಜನರಲ್ ಮ್ಯಾನೇಜರ್‌ಗೆ ತಿಳಿಸಿ ಅವರು ಹೇಳಿದಂತೆ ಮಾಡುತ್ತೀರಿ.

ನೋಡಿ ತಂಗಿ, ಇಲ್ಲಿ ಯಾವ ಆಯ್ಕೆಯೂ ಹುಚ್ಚು ಮಾತಲ್ಲ. ಈ ಪ್ರಶ್ನೆಗಳ ಕಷ್ಟ ಇರೋದೇ ಅಲ್ಲಿ. ನಾಲ್ಕರಲ್ಲಿ ಹೆಚ್ಚು ಪರಿಣಾಮಕಾರಿ ಯಾವುದು ಅಂತ ಅನುಭವಿ ಎಚ್‌ಆರ್‌ಗಳ ತಂಡ ಕೂತು ನಿರ್ಧರಿಸಿರುತ್ತದೆ. ನಿಯಮದ ಪುಸ್ತಕದಲ್ಲಿ ಅದಕ್ಕೆ ಉತ್ತರ ಸಿಗಲ್ಲ. (ಅ) ನಿಯಮಕ್ಕೆ ಸರಿ, ಹೊತ್ತಿಗೆ ಸರಿಯಲ್ಲ, ಏನಾಗಿದೆ ಅಂತಲೇ ಗೊತ್ತಿಲ್ಲದೆ ಕಾಗದ ಹೊರಟುಬಿಡುತ್ತದೆ. (ಈ)ನಲ್ಲಿ ನಿಮ್ಮ ಕೆಲಸವನ್ನು ಮೇಲಿನವರ ತಲೆಗೆ ಹಾಕುತ್ತೀರಿ. ಒಳ್ಳೆಯ ಮನಸ್ಸಿನವರು ಬೀಳೋದು (ಇ)ಗೆ. ಅದು ದಯೆಯ ಹಾಗೆ ಕಾಣುತ್ತದೆ, ಆದರೆ ಕಾರಣ ಗೊತ್ತಿಲ್ಲದೆ ಕೊಟ್ಟ ಪರಿಹಾರ. ಬೆಳಗಿನ ಬಸ್ ನಿಂತಿದ್ದರೆ ಅದು ಉಪಯೋಗಕ್ಕೆ ಬರಬಹುದು. ಮನೆಯಲ್ಲಿ ಹೊಡೆತ ತಿನ್ನುತ್ತಿದ್ದರೆ, ಹುಷಾರಿಲ್ಲದಿದ್ದರೆ, ಅಥವಾ ಈ ಸೂಪರ್‌ವೈಸರ್ ಮುಖ ನೋಡಲು ಬೇಜಾರಾಗಿಯೇ ತಡ ಮಾಡುತ್ತಿದ್ದರೆ ಶಿಫ್ಟ್ ಬದಲಿಸಿ ಏನು ಬಂತು? ನಾಳೆ ಇನ್ನೊಬ್ಬರು ನನಗೂ ಬದಲಿಸಿ ಅಂದಾಗ ಹೇಳಲು ನಿಮ್ಮ ಹತ್ತಿರ ಮಾತಿರಲ್ಲ. ಉತ್ತರ (ಆ). ಮೊದಲು ದಾಖಲೆ, ಆಮೇಲೆ ಮನುಷ್ಯರು, ಆಮೇಲೆ ತೀರ್ಮಾನ. (ಆ)ನಲ್ಲಿ ಸೂಪರ್‌ವೈಸರ್‌ನನ್ನು ಹೊರಗಿಟ್ಟಿಲ್ಲ ಅನ್ನೋದನ್ನೂ ಗಮನಿಸಿ. ಅವನ ಟಾರ್ಗೆಟ್ ಕಷ್ಟವೂ ನಿಜವೇ, ಅವನ ಮಾತನ್ನೂ ಕೇಳಬೇಕು.

ಇದನ್ನು ಓದಿ "ಓ, ಯಾವಾಗಲೂ ವಿಚಾರಿಸೋದೇ ಉತ್ತರ" ಅಂತ ಸೂತ್ರ ಮಾಡಿಕೊಳ್ಳಬೇಡಿ, ಅದರ ಮೇಲೂ ಬಲೆ ಹಾಕಿರುತ್ತಾರೆ. ಮಷಿನ್‌ನ ಗಾರ್ಡ್ ಕಿತ್ತು ಹೋಗಿದೆ ಅಂದರೆ ಮೊದಲು ಮಷಿನ್ ನಿಲ್ಲಿಸಬೇಕು, ಯಾರ ತಪ್ಪು ಅಂತ ಆಮೇಲೆ ನೋಡೋಣ. ಲೈಂಗಿಕ ಕಿರುಕುಳದ ದೂರು ಬಂದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸೋದು ತಪ್ಪು, ಸೂಪರ್‌ವೈಸರ್‌ಗೆ ಹೇಳಿ ಬುದ್ಧಿ ಹೇಳಿಸೋದೂ ತಪ್ಪು. ದೂರು ಕೊಟ್ಟವಳು "ಮೇಡಂ, ಯಾರಿಗೂ ಹೇಳಬೇಡಿ" ಅಂತ ಅತ್ತಾಗ ನಾವು ಕರಗಿ "ಇಲ್ಲಮ್ಮ, ಹೇಳಲ್ಲ" ಅನ್ನುತ್ತೇವೆ. ಪರೀಕ್ಷೆಯಲ್ಲಿ ಆ ಆಯ್ಕೆ ಬಂದರೆ ಅದನ್ನು ಮುಟ್ಟಬೇಡಿ. ನಿಜ ಜೀವನದಲ್ಲೂ ಹಾಗೆ ಮಾತು ಕೊಡಬೇಡಿ. ತನಿಖೆ ನಡೆಯಬೇಕಾದರೆ ಕೆಲವರಿಗೆ ಹೇಳಲೇಬೇಕು. "ಬೇಕಾದಷ್ಟು ಜನಕ್ಕೆ ಮಾತ್ರ ತಿಳಿಯುತ್ತೆ, ನಿಮಗೆ ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ" ಅನ್ನೋದಷ್ಟೇ ನೀವು ಪ್ರಾಮಾಣಿಕವಾಗಿ ಕೊಡಬಹುದಾದ ಮಾತು. ನಮ್ಮ 2013ರ ಕಾಯ್ದೆಯಲ್ಲಿ ಹತ್ತು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರಿಗೆ ಮೂರು ತಿಂಗಳ ಅವಧಿ, ವಿಚಾರಣೆಗೆ 90 ದಿನ. ನಿಮ್ಮ ಫ್ಯಾಕ್ಟರಿಯಲ್ಲಿ ಸಮಿತಿಯ ಹೆಸರುಗಳು ಗೋಡೆ ಮೇಲೆ ಇವೆಯಾ? ಇಲ್ಲದಿದ್ದರೆ ಪರೀಕ್ಷೆಗಿಂತ ಮುಂಚೆ ಅದನ್ನು ಮಾಡಿಸಿ.

ಓದುವ ರೀತಿ ಬದಲಾಗಬೇಕು ಅಂದೆನಲ್ಲ, ಅದು ಹೀಗೆ. ಒಂದು 200 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ರಾತ್ರಿ ಆವತ್ತು ಫ್ಯಾಕ್ಟರಿಯಲ್ಲಿ ನಡೆದ ಒಂದು ವಿಷಯವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ, ಹೆಸರು ಹಾಕದೆ. ಅದರ ಕೆಳಗೆ ನಾಲ್ಕು ಆಯ್ಕೆ ನೀವೇ ಕಟ್ಟಿ. ನಾಲ್ಕೂ ಯಾರೋ ಒಬ್ಬರು ನಿಜವಾಗಿ ಮಾಡಬಹುದಾದ ಕೆಲಸ ಆಗಿರಬೇಕು. ಆಮೇಲೆ ಉಳಿದ ಮೂರು ಯಾಕೆ ಬೇಡ ಅಂತ ಒಂದೊಂದು ಸಾಲು. ಕನ್ನಡದಲ್ಲೇ ಬರೆಯಿರಿ, ಮೊದಲ ಎರಡು ತಿಂಗಳು ಇಂಗ್ಲಿಷ್ ಚಿಂತೆ ಬೇಡ. ಎರಡನೇ ಸಲ ಬರೆಯುವ ಮುಂಚೆ ನಾನು ಇದನ್ನೇ ಮಾಡಿದ್ದು. ಕ್ಯಾಂಟೀನ್ ಸಾಂಬಾರಿನ ಜಗಳದಿಂದ ಹಿಡಿದು ಕಾಂಟ್ರಾಕ್ಟರ್ ಪಿಎಫ್ ಕಟ್ಟದೆ ಓಡಾಡಿಸಿದ್ದರವರೆಗೆ ನೂರಿಪ್ಪತ್ತು ಸಂದರ್ಭ ಆಗಿದ್ದವು. ಪರೀಕ್ಷೆಯಲ್ಲಿ ಅವು ಯಾವುವೂ ಬರಲಿಲ್ಲ, ಆದರೆ ಬಂದವೆಲ್ಲ ಎಲ್ಲೋ ನೋಡಿದ ಮುಖಗಳ ಹಾಗೆ ಕಂಡವು.

ಥಿಯರಿಯನ್ನೂ ಹೀಗೇ ಕಟ್ಟಿ ಹಾಕಬಹುದು. ಕೆಲಸದಲ್ಲಿ ಜನರಿಗೆ ಹುರುಪು ಕೊಡೋದು ಯಾವುದು ಅಂತ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದನ್ನು ಎಷ್ಟು ಸಲ ಓದಿದರೂ ಮರೆಯುತ್ತೆ ಅಂತ ಹುಡುಗರು ಹೇಳುತ್ತಾರೆ. ಕ್ಯಾಂಟೀನ್ ನೆನೆಸಿಕೊಳ್ಳಿ. ಊಟ ಕೆಟ್ಟರೆ ಎಲ್ಲರೂ ಗೊಣಗುತ್ತಾರೆ. ಊಟ ಸರಿ ಮಾಡಿದರೆ ಗೊಣಗಾಟ ನಿಲ್ಲುತ್ತೆ, ಆದರೆ ಅದರಿಂದ ಯಾರೂ ಹತ್ತು ಪೀಸ್ ಜಾಸ್ತಿ ಹೊಲಿಯಲ್ಲ. ಅದೇ ಒಬ್ಬ ಹೆಲ್ಪರ್‌ಗೆ ಮಷಿನ್ ಕಲಿಸಿ ಟೈಲರ್ ಮಾಡಿ ನೋಡಿ, ಅವಳ ನಡಿಗೆಯೇ ಬದಲಾಗುತ್ತೆ. ಊಟ ಒಂದು ಬಗೆ, ಬೆಳವಣಿಗೆ ಇನ್ನೊಂದು ಬಗೆ, ಅವರು ಹೇಳಿದ್ದು ಇದನ್ನೇ. ಲೆಕ್ಕದ ಪ್ರಶ್ನೆಗಳಿಗೂ ನಿಮ್ಮ ರಿಜಿಸ್ಟರ್ ಸಾಕು. ವರ್ಷದ ಸರಾಸರಿ 240 ಜನ, ಬಿಟ್ಟು ಹೋದವರು 36, ಅಂದರೆ ಅಟ್ರಿಷನ್ ಶೇ. 15. ಬೇರೆ ಉದಾಹರಣೆ ಹುಡುಕುವ ಬದಲು ನಿಮ್ಮ ಲೈನ್‌ಗಳದ್ದನ್ನೇ ಬೇರೆ ಬೇರೆ ಹಾಕಿ ನೋಡಿ. ಯಾವ ಲೈನ್‌ನಲ್ಲಿ ಜಾಸ್ತಿ ಜನ ಬಿಡುತ್ತಿದ್ದಾರೆ ಅಂತ ಗೊತ್ತಾಗುತ್ತೆ, ಯಾಕೆ ಅಂತ ನಿಮಗೆ ಆಗಲೇ ಗೊತ್ತಿರುತ್ತೆ.

ಇನ್ನೊಂದು ಎಚ್ಚರಿಕೆ. ಎಸ್‌ಎಚ್‌ಆರ್‌ಎಂ ತನ್ನ ಪಠ್ಯಕ್ರಮವನ್ನು ಬಾಸ್ಕ್ ಅಂತ ಕರೆಯುತ್ತದೆ, ಅವರ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪೀಪಲ್, ಆರ್ಗನೈಸೇಶನ್, ವರ್ಕ್‌ಪ್ಲೇಸ್ ಅಂತ ಜ್ಞಾನದ ಮೂರು ಭಾಗ, ಜೊತೆಗೆ ನಡವಳಿಕೆಗೆ ಸಂಬಂಧಿಸಿದ ಒಂಬತ್ತು ಸಾಮರ್ಥ್ಯ. ಸಾವಿರಾರು ರೂಪಾಯಿಯ ಕೋಚಿಂಗ್‌ಗೆ ಸೇರುವ ಮುಂಚೆ ಅದನ್ನು ಪ್ರಿಂಟ್ ತೆಗೆಸಿ ಒಂದು ಸಲ ಪೂರ್ತಿ ಓದಿ. ಅದರಲ್ಲಿರುವ ಅಮೆರಿಕದ ಕಾನೂನಿನ ಭಾಗ ಅಲ್ಲಿ ಬರೆಯುವವರಿಗೆ ಮಾತ್ರ, ನೀವು ಬಿಡಬಹುದು. 'ಅಸಲಿ ಪ್ರಶ್ನೆಗಳು' ಅಂತ ಮಾರುವ ಫೈಲ್‌ಗಳನ್ನು ಕೊಳ್ಳಬೇಡಿ, ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ಹೋಗುತ್ತೆ, ನೈತಿಕತೆಯನ್ನೇ ಕೇಳುವ ಪರೀಕ್ಷೆಗೆ ಕದ್ದ ಪ್ರಶ್ನೆ ಓದಿಕೊಂಡು ಹೋಗೋದು ಸರಿಯೂ ಅಲ್ಲ.

ಹಾಗಂತ ನಮ್ಮ ಕಾನೂನನ್ನು ಬದಿಗಿಡಬೇಡಿ, ಇಂಟರ್‌ವ್ಯೂನಲ್ಲಿ ನಿಮ್ಮನ್ನು ಅಳೆಯೋದು ಅದರಲ್ಲೇ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೆಯ 29 ಕಾಯ್ದೆಗಳ ಜಾಗದಲ್ಲಿ. ನಿಮ್ಮ ಎಂಬಿಎ ನೋಟ್ಸ್ ಆಗಲೇ ಹಳತು. 500 ಕಾರ್ಮಿಕರಿದ್ದರೆ ವೆಲ್ಫೇರ್ ಆಫೀಸರ್ ಅಂತ ನಾವೆಲ್ಲ ಓದಿದ್ದೆವು, ಈಗ ಅದು 250. ಕ್ಯಾಂಟೀನ್‌ಗೆ 250 ಇದ್ದದ್ದು 100ಕ್ಕೆ ಇಳಿದಿದೆ. ಸ್ಟ್ಯಾಂಡಿಂಗ್ ಆರ್ಡರ್ಸ್‌ಗೆ (ಫ್ಯಾಕ್ಟರಿಯ ಲಿಖಿತ ಸೇವಾ ನಿಯಮಗಳಿಗೆ) ಮಾತ್ರ 300ಕ್ಕೆ ಏರಿದೆ. ಗ್ರಾಚ್ಯುಟಿ ಲೆಕ್ಕ ಕೈಯಲ್ಲಿ ಹಾಕಲು ಬರಬೇಕು: ಕೊನೆಯ ಸಂಬಳ 26,000, ಏಳು ವರ್ಷ ಸೇವೆ. 26,000ವನ್ನು 26ರಿಂದ ಭಾಗಿಸಿದರೆ ದಿನದ ಕೂಲಿ 1,000, ಹದಿನೈದು ದಿನಕ್ಕೆ 15,000, ಏಳು ವರ್ಷಕ್ಕೆ 1,05,000. ಮೂವತ್ತರ ಬದಲು 26 ಯಾಕೆ ಅಂದರೆ ವಾರದ ರಜೆ ನಾಲ್ಕು ಕಳೆದಿರೋದಕ್ಕೆ. ನಿಗದಿತ ಅವಧಿಗೆ ಸೇರಿದವರಿಗೆ ಈಗ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಬರುತ್ತೆ. ಈ ಸಾಲನ್ನು ನಿಮ್ಮ ಫ್ಯಾಕ್ಟರಿಯ ಹುಡುಗಿಯರಿಗೂ ಹೇಳಿ.

ಸಮಯದ ಬಗ್ಗೆ. ದಿನಾ ಎರಡು ಗಂಟೆ ಅಂತ ಟೈಮ್‌ಟೇಬಲ್ ಹಾಕಿಕೊಂಡರೆ ನಮ್ಮ ಕೆಲಸದಲ್ಲಿ ಅದು ಹತ್ತೇ ದಿನಕ್ಕೆ ಕೆಡುತ್ತೆ. ತಿಂಗಳ ಮೊದಲ ವಾರ ಸಂಬಳ, 15ರೊಳಗೆ ಪಿಎಫ್, ಇಎಸ್‌ಐ ಚಲನ್. ಆ ದಿನಗಳಲ್ಲಿ ನೋಟ್‌ಬುಕ್ ಒಂದೇ ಸಾಕು, ಹದಿನೈದು ನಿಮಿಷ. 16ರಿಂದ ತಿಂಗಳ ಕೊನೆಯವರೆಗೆ ಬೆಳಗ್ಗೆ ಐದೂವರೆಗೆ ಎದ್ದು ಒಂದೂವರೆ ಗಂಟೆ, ಭಾನುವಾರ ಮೂರು ಗಂಟೆ. ಬೇಸಿಗೆಯಲ್ಲಿ ನಮ್ಮೂರ ಮಧ್ಯಾಹ್ನದ ಸೆಕೆಗೆ ಪುಸ್ತಕ ಹಿಡಿದು ಪ್ರಯೋಜನವಿಲ್ಲ, ಬೆಳಗ್ಗೆಯೇ ಮುಗಿಸಿ. ಹೀಗೆ ಆರು ತಿಂಗಳು ಬೇಕು. ಮೂರು ತಿಂಗಳಿಗೆ ಆಗುತ್ತೆ ಅಂತ ಯಾರಾದರೂ ಹೇಳಿದರೆ ಅವರಿಗೆ ಚಲನ್ ಕಟ್ಟುವ ಕೆಲಸ ಇಲ್ಲ ಅಂತ ತಿಳಿಯಿರಿ.

ಮೂರನೇ ತಿಂಗಳಿಂದ ಇಂಗ್ಲಿಷ್‌ಗೆ ಬನ್ನಿ. ಕನ್ನಡ ಮಾಧ್ಯಮ ಅಂತ ನೀವು ಹಿಂಜರಿಯುವ ಅಗತ್ಯವಿಲ್ಲ, ನಾನೂ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಇಲ್ಲಿ ಸಾಹಿತ್ಯದ ಇಂಗ್ಲಿಷ್ ಬೇಕಿಲ್ಲ, ವೇಗ ಬೇಕು. ಒಂದು ಪ್ರಶ್ನೆಗೆ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತೆ. ಮೊದಲು ಪ್ರಶ್ನೆಯ ಕೊನೆಯ ಸಾಲು ಓದಿ, ಆಮೇಲೆ ಕಥೆ ಓದಿ. 'ಫಸ್ಟ್' ಅಂತ ಕೇಳಿದ್ದಾರಾ, 'ಬೆಸ್ಟ್' ಅಂತ ಕೇಳಿದ್ದಾರಾ ಅನ್ನೋದರಲ್ಲೇ ಉತ್ತರ ಬದಲಾಗುತ್ತೆ. 'ಫಸ್ಟ್' ಅಂದರೆ ಮೊದಲ ಹೆಜ್ಜೆ, ಅದರಿಂದಲೇ ಸಮಸ್ಯೆ ಮುಗಿಯಬೇಕಿಲ್ಲ. ನಿಮ್ಮ ಹಳೆಯ ನೋಟ್‌ಬುಕ್ ತೆಗೆದು ಅದೇ ಸಂದರ್ಭಗಳನ್ನು ಇಂಗ್ಲಿಷ್‌ನಲ್ಲಿ ಬರೆದು ನೋಡಿ. ವಿಷಯ ಗೊತ್ತಿರೋದರಿಂದ ಬರೀ ಮಾತಿನ ಕಡೆ ಗಮನ ಕೊಡಬಹುದು.

ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದು, ಆದರೆ ನಾನು ಬೇಡ ಅನ್ನುತ್ತೇನೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಕ್ಯಾಮೆರಾದಲ್ಲಿ ಇಡೀ ಕೋಣೆ ತೋರಿಸಬೇಕು, ಮಧ್ಯದಲ್ಲಿ ಕರೆಂಟ್ ಹೋದರೆ ಅಥವಾ ಅಮ್ಮ ಬಾಗಿಲು ತೆಗೆದು ಕಾಫಿ ಬೇಕಾ ಅಂದರೆ ಅಲ್ಲಿಗೆ ತೊಂದರೆ ಶುರು. ಬೆಂಗಳೂರಿನ ಕೇಂದ್ರಕ್ಕೇ ಹಾಕಿಸಿ. ಹಿಂದಿನ ದಿನವೇ ರೈಲಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಬೆಳಗಿನ ಜಾವ ಹೊರಟು 260 ಕಿಲೋಮೀಟರ್ ಪ್ರಯಾಣ ಮಾಡಿ ನೇರ ಕಂಪ್ಯೂಟರ್ ಮುಂದೆ ಕೂರಬೇಡಿ. ಗುರುತಿನ ಚೀಟಿಯಲ್ಲಿರುವ ಹೆಸರೂ ಅರ್ಜಿಯಲ್ಲಿರುವ ಹೆಸರೂ ಅಕ್ಷರ ಅಕ್ಷರ ಒಂದೇ ಇರಲಿ. ನಮ್ಮ ಕಡೆ ಅಪ್ಪನ ಹೆಸರು, ಊರ ಹೆಸರು ಇನಿಷಿಯಲ್ ಆಗಿ ಹಿಂದೆ ಮುಂದೆ ಆಗಿರುತ್ತೆ ಅಲ್ವಾ, ಅದನ್ನು ಶುಲ್ಕ ಕಟ್ಟುವ ಮುಂಚೆಯೇ ಸರಿ ಮಾಡಿಕೊಳ್ಳಿ. ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವಂತೆಯೇ ತುಂಬಿ.

ಇವತ್ತೇ ಅರ್ಜಿ ಹಾಕಬೇಡಿ. ಮೊದಲು ನೋಟ್‌ಬುಕ್ ಶುರು ಮಾಡಿ. ಹತ್ತು ಸಂದರ್ಭ ಬರೆದ ಮೇಲೆ ನನಗೆ ಕಳಿಸಿ, ಫ್ಯಾಕ್ಟರಿಯ ಹೆಸರು, ಜನರ ಹೆಸರು ತೆಗೆದು. ಆಯ್ಕೆಗಳಲ್ಲಿ ಯಾವುದು ಸುಮ್ನೆ ಬಂದಿದೆ, ಯಾವುದು ನಿಜವಾಗಿ ಯೋಚಿಸುವಂತೆ ಮಾಡುತ್ತೆ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.